ಬೂದಿ ತಿಂದ ಮೀನು

ಮೀನಿನ ನೌಕರಿ ಸಿಕ್ಕ ದಿನ ಶಾಂತಯ್ಯ ಮನೆಗೆ ಬಂದು, ನೀರಿನ ಖಾತೆಯಲ್ಲಿ ನೌಕರಿ ಸಿಕ್ಕಿದೆ ಎಂದು ಹೇಳಿದ. ಇದರಲ್ಲಿ ಸುಳ್ಳೇನಿದೆ, ಮೀನು ಇರುವುದು ನೀರಿನಲ್ಲೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡದ್ದೂ ಉಂಟು. ಹೇಳಿ ಕೇಳಿ ಅಮ್ಮಿನಬಾವಿಯ ಜಂಗಮರ ಮನೆತನ. ಧಾರವಾಡಕ್ಕೆ ಬಂದು ನೆಲಸಿದ ಮೇಲೂ ಸೋಮವಾರ ಬಂತೆಂದರೆ ಊರಿನ ಭಕ್ತರು ಬಂದು, ಅವನನ್ನು ಮಣೆಯ ಮೇಲೆ ಕೂರಿಸಿ, ಪಾದ ತೊಳೆದು, ಅವನ ಕೈಯಿಂದ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೋಗುತ್ತಿದ್ದರು. ಆ ಕೈ ದಿನವಿಡೀ ಮೀನಿನ ಹೊಂಡದಲ್ಲಿ ಮುಳುಗಿರುತ್ತದೆ ಎಂದು ಅವರಿಗೆ ಹೇಳುವವರು ಯಾರು? ಅವ್ವ ಬಾಳವ್ವನಿಗೂ ಅವನು ಹೇಳಿರಲಿಲ್ಲ. ಸಂಜೆ ಮನೆ ಹೊಗುವ ಮೊದಲು ಸೀಗೆಪುಡಿ ಹಾಕಿ ಮೊಣಕೈತನಕ ತಿಕ್ಕಿ ತೊಳೆಯುತ್ತಿದ್ದ, ಮೂಗಿಗೆ ಹಿಡಿದು ನೋಡುತ್ತಿದ್ದ, ಮತ್ತೆ ತಿಕ್ಕುತ್ತಿದ್ದ.

ಹೊಂಡಗಳಿದ್ದದ್ದು ಕೆಲಗೇರಿ ಕೆರೆಯ ಆಚೆ. ಅರವತ್ತೊಂದರ ಬೇಸಿಗೆಯಲ್ಲಿ ಹೊಸದಾಗಿ ಅಗೆಸಿದ ಮೂರು ಹೊಂಡ, ತಗಡು ಹೊದಿಸಿದ ಒಂದು ಕೋಣೆ, ಸುತ್ತ ಮುಳ್ಳುಬೇಲಿ. ಇದೆಲ್ಲ ರಮಾಕಾಂತ ಸಾಹೇಬರ ಹುಚ್ಚು. ಸಾಹೇಬರು ಅಂಕೋಲೆಯ ಕಡೆಯವರು, ಬಾಯಿ ತೆರೆದರೆ ಸಮುದ್ರದ ಮಾತು. ಅಲ್ಲಿ ಅಳಿವೆಯ ಉಪ್ಪುನೀರಿನಲ್ಲಿ ಹೂಮೀನಿನ ಮರಿಗಳು ಬೇಕಾದಷ್ಟು ಸಿಗುತ್ತವೆ, ಕಡಲ ಮೀನಾದರೂ ನಿಧಾನವಾಗಿ ರೂಢಿ ಮಾಡಿಸಿದರೆ ಸಿಹಿನೀರಿಗೆ ಒಗ್ಗಿಕೊಳ್ಳುತ್ತವೆ, ಬಯಲುಸೀಮೆಯ ಕೆರೆಗಳಲ್ಲೆಲ್ಲ ಬೆಳೆಸಬಹುದು ಎಂದು ಮೇಲಿನವರ ತಲೆ ತಿಂದು ಮಂಜೂರು ಮಾಡಿಸಿಕೊಂಡಿದ್ದರು. ಮರಿಗಳು ತಗಡಿನ ಡಬ್ಬಿಗಳಲ್ಲಿ, ಲಾರಿಯಲ್ಲಿ, ಘಟ್ಟ ಹತ್ತಿ ಬಂದವು. ಒಂದೊಂದೂ ಸೂಜಿಯಷ್ಟು, ಎರಡು ಕಣ್ಣು ಬಿಟ್ಟರೆ ಬೇರೇನೂ ಕಾಣದು.

"ಇವು ಏನ್ ತಿಂತಾವ್ರಿ ಸಾಹೇಬ್ರ?" ಎಂದು ಶಾಂತಯ್ಯ ಅಳುಕುತ್ತಲೇ ಕೇಳಿದ.

"ಪಾಚಿ ಮಾರಾಯರೇ, ಪಾಚಿ. ಕೆಸರಿನ ಮೇಲೆ ಕಟ್ಟುವ ಹಸಿರು ಪಾಚಿ," ಎಂದರು ಸಾಹೇಬರು.

ಶಾಂತಯ್ಯನ ಜೀವ ತಣ್ಣಗಾಯಿತು. ಡಬ್ಬಿ ಇಳಿಸುತ್ತಿದ್ದ ಹುಚ್ಚಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ. "ಹಂಗಾದ್ರ ಇವು ನಿಮ್ಮ ಪೈಕಿನ ಆದುವಲ್ರಿ ಅಯ್ಯಾರ. ಒಂದೊಂದಕ್ಕ ಲಿಂಗಾ ಕಟ್ಟಿಬಿಡ್ರಿ!"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಯಾರೂ ಕೇಳಿಸಿಕೊಂಡಿಲ್ಲ ಎಂದು ಸುತ್ತ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಶಾಂತಯ್ಯನೂ ನಕ್ಕ.

ಹುಚ್ಚಪ್ಪ ಹೊಂಡದ ಆಳು. ಕೆಲಗೇರಿಯ ಕಡೆಯ ಓಣಿಯವನು. ಆ ಓಣಿಯ ಜನ ಎರಡು ವರ್ಷದ ಹಿಂದೆ ಒಟ್ಟಾಗಿ ಬುದ್ಧನ ಧರ್ಮ ಸೇರಿದ್ದರು. ಆಳು ಎಂದರೆ ಎತ್ತರದ ಆಳು, ದನಿಯೂ ಅಷ್ಟೇ ಎತ್ತರ. ಸಾಹೇಬರನ್ನೂ ಬಿಡದೆ ಚೇಷ್ಟೆ ಮಾಡುವ ಬಾಯಿ. ಕೆಸರಿಗೆ ಇಳಿದನೆಂದರೆ ಮೂವರ ಕೆಲಸ ಒಬ್ಬನೇ ಮಾಡುತ್ತಿದ್ದ. ಮನಸ್ಸಿಲ್ಲದ ದಿನ ಒಬ್ಬನ ಕೆಲಸವನ್ನೂ ಮಾಡದೆ ಬೇಲಿಯ ಪಕ್ಕ ಬೀಡಿ ಸೇದುತ್ತ ಕೂಡುತ್ತಿದ್ದ. ಶಾಂತಯ್ಯ ಅವನನ್ನು ಗದರಿಸಲು ಹೋಗಿ ಎಷ್ಟೋ ಸಲ ತಾನೇ ನಕ್ಕು ತಿರುಗಿ ಬಂದಿದ್ದ.

ಮರಿಗಳು ಬೆರಳುದ್ದ ಬೆಳೆಯುವ ಹೊತ್ತಿಗೆ ಸಾಹೇಬರು ಹೊಸ ಮಾತು ತೆಗೆದರು. ಹೊಂಡದಲ್ಲಿ ಮರಿ ದಟ್ಟವಾಗಿವೆ, ಪಾಚಿ ಸಾಲದು. ದಿನಾ ಶೇಂಗಾ ಹಿಂಡಿ ಮತ್ತು ತೌಡು ಕಲಸಿ ಹಾಕಬೇಕು, ಅದರಲ್ಲಿ ಹತ್ತಕ್ಕೆ ಒಂದು ಪಾಲು ಎಲುಬಿನ ಪುಡಿ ಬೆರೆಸಬೇಕು. ಮರುದಿನವೇ ಲಾರಿ ಬಂತು. ಹುಚ್ಚಪ್ಪ ಚೀಲಗಳನ್ನು ಇಳಿಸಿ ಕೋಣೆಯಲ್ಲಿ ಒಟ್ಟಿದ. ಒಂದು ಚೀಲದ ಹೊಲಿಗೆ ಬಿಚ್ಚಿ ಬಿಳಿ ಪುಡಿ ನೆಲಕ್ಕೆ ಚೆಲ್ಲಿತು.

"ಇದ್ಯಾವ ಹಿಟ್ಟ್ರಿ ಅಯ್ಯಾರ?"

"ಎಲುಬಿನ ಪುಡಿ. ದನದ್ದು," ಎಂದ ಶಾಂತಯ್ಯ, ಮೂಗಿಗೆ ಶಲ್ಯ ಹಿಡಿದುಕೊಂಡು. "ನಾಳಿಂದ ಹಿಂಡ್ಯಾಗ ಇದನ್ನ ಕಲಸಿ ಹಾಕಬೇಕಂತ. ನೀ ಕಲಸು."

ಹುಚ್ಚಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಯಾವತ್ತೂ ನಗುವ ಮುಖ ಬಿಗಿದುಕೊಂಡಿತು.

"ಅದೊಂದು ಆಗಂಗಿಲ್ರಿ ಅಯ್ಯಾರ. ನಾವು ಓಣ್ಯಾಗಿನವರೆಲ್ಲ ಪ್ರಮಾಣ ಮಾಡೇವಿ. ಸತ್ತ ದನ ಎಳಿಯಂಗಿಲ್ಲ, ಚರ್ಮ ಸುಲಿಯಂಗಿಲ್ಲ, ಎಲುಬು ಆರಸಂಗಿಲ್ಲ. ನಮ್ಮಪ್ಪ ಅದನ್ನ ಮಾಡಿ ಮಾಡಿ ಸತ್ತ. ಕೆಸರ ತಗಿ ಅನ್ರಿ, ತಗೀತೇನಿ. ಹಿಂಡಿ ಹೊರು ಅನ್ರಿ, ಹೊರ್ತೇನಿ. ಎಲುಬು ಮುಟ್ಟಂಗಿಲ್ಲ. ಇದನ್ನ ಸಾಹೇಬ್ರಿಗೆ ನಾನಽ ಹೇಳ್ತೇನಿ ಬೇಕಾದ್ರ."

ಅವನ ಆ ಮಾತಿನ ಎದುರು ಶಾಂತಯ್ಯನಿಗೆ ಏನೋ ಉಕ್ಕಿ ಬಂತು. ದೊಡ್ಡವನಾಗಬೇಕು ಅನ್ನಿಸಿತು. ಬಸವಣ್ಣನ ಹೆಸರು ಹೇಳಿ ಬೆಳೆದ ಮನೆತನ, ಇಂಥ ಹೊತ್ತಿನಲ್ಲಾದರೂ ಒಂದು ಒಳ್ಳೆಯ ಕೆಲಸ ಮಾಡಬೇಡವೇ?

"ಬ್ಯಾಡ ಬಿಡು," ಎಂದ. "ಸಾಹೇಬ್ರಿಗೆ ಹೇಳೂದು ಬ್ಯಾಡ, ಅವರು ಸಿಟ್ಟಿಗೇಳ್ತಾರ. ನಿನ್ನ ಪ್ರಮಾಣ ನಿನಗಿರಲಿ. ನಾ ಕಲಸ್ತೇನಿ."

"ನೀವು? ಅಯ್ಯಾರಾಗಿ?"

"ಹೂಂ. ನಾನಽ."

ಆ ಎತ್ತರದ ಆಳು ಕಣ್ಣು ತುಂಬಿಕೊಂಡು ಕೈಮುಗಿದ. ಭಕ್ತರು ಎಷ್ಟೋ ಜನ ಶಾಂತಯ್ಯನಿಗೆ ಕೈ ಮುಗಿದಿದ್ದರು, ಅಪ್ಪನಿಗೆ ಮುಗಿದ ರೂಢಿಯಲ್ಲಿ. ಇವನು ಮುಗಿದದ್ದು ಶಾಂತಯ್ಯನಿಗೇ. ಅಂದು ಸಂಜೆ ಸೈಕಲ್ಲಿನ ಮೇಲೆ ಮನೆಗೆ ಹೋಗುವಾಗ ಅವನ ಮುಖ ಇಷ್ಟಗಲ ಆಗಿತ್ತು.

ಮಾತು ಕೊಡುವುದು ಬಾಯಿ, ಕಲಸಬೇಕಾದದ್ದು ಕೈ. ಮರುದಿನ ಶಾಂತಯ್ಯ ಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡು, ಹಿಂಡಿ ತೌಡು ಬೋಗುಣಿಗೆ ಸುರಿದು, ಎಲುಬಿನ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಕೈ ಮುಂದೆ ಹೋಗಲಿಲ್ಲ. ಕೊರಳಲ್ಲಿ ಲಿಂಗ, ಮುಂದೆ ಸತ್ತ ದನದ ಎಲುಬು. ಹೊರಗೆ ಹುಚ್ಚಪ್ಪ ಕೆಸರು ತೆಗೆಯುತ್ತ ದೊಡ್ಡ ದನಿಯಲ್ಲಿ ಹಾಡಿಕೊಳ್ಳುತ್ತಿದ್ದ. ಆಗಲೇ ಹೊರಗೆ ಬಂದು, "ನನಗೂ ಆಗವಲ್ದೋ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಇಬ್ಬರೂ ಸೇರಿ ಸಾಹೇಬರ ಮುಂದೆ ನಿಂತರೆ ಸಾಹೇಬರು ಬೈಯುತ್ತಿದ್ದರು, ಅಷ್ಟೇ. ಆದರೆ ನಿನ್ನೆ ಕೈಮುಗಿಸಿಕೊಂಡವನು ಇವತ್ತು ಹಾಗೆ ಹೇಳುವುದು ಹೇಗೆ? ಅಂದು ಬರೀ ಹಿಂಡಿ ತೌಡು ಕಲಸಿ ಹಾಕಿದ.

ಬರೀ ಹಿಂಡಿಯ ಬಣ್ಣ ಬೇರೆ, ಎಲುಬು ಕಲಸಿದ್ದರ ಬಣ್ಣ ಬೇರೆ. ಸಾಹೇಬರು ಮುಟ್ಟಿ ನೋಡಿದರೆ ತಿಳಿದೀತು. ಆಗ ಅವನಿಗೆ ಮನೆಯ ಬೂದಿ ನೆನಪಾಯಿತು. ವಿಭೂತಿ ಮಾಡಲೆಂದು ಬಾಳವ್ವ ಆಕಳ ಕುಳ್ಳು ಸುಟ್ಟು, ಅರಿವೆಯಲ್ಲಿ ಸೋಸಿ, ಮಡಕೆಯಲ್ಲಿ ತುಂಬಿಟ್ಟ ಬೂದಿ. ಬೆಳ್ಳಗೆ, ನುಣ್ಣಗೆ. ಆಫೀಸಿನ ಪಾತ್ರೆ ತಿಕ್ಕಲು ಎಂದು ಹೇಳಿ ಚೀಲದಲ್ಲಿ ಕಟ್ಟಿಕೊಂಡು ಬಂದ. ಹತ್ತಕ್ಕೆ ಒಂದು ಪಾಲು, ಲೆಕ್ಕ ತಪ್ಪದೆ ಬೆರೆಸಿದ. ನಾವು ಹಣೆಗೆ ಹಚ್ಚುವುದು, ನಾಲಿಗೆಗೆ ಇಟ್ಟುಕೊಳ್ಳುವುದು ಇದನ್ನೇ. ಮೀನಿಗೆ ಇದರಿಂದ ಕೇಡಾದೀತೇ? ಆಕಳ ಎಲುಬೇನು, ಆಕಳ ಸಗಣಿಯ ಬೂದಿಯೇನು, ಎರಡೂ ಆಕಳದ್ದೇ. ರೊಟ್ಟಿ ಪಲ್ಯೆ ತಿಂದು ನಾವು ನೆಟ್ಟಗೆ ಬೆಳೆದಿಲ್ಲವೇ, ಹಿಂಡಿ ತಿಂದು ಮೀನು ಬೆಳೆಯಲಾರದೇ? ಹೀಗೆಲ್ಲ ತನ್ನೊಳಗೇ ವಾದ ಹೂಡಿ ತಾನೇ ಗೆದ್ದ. ಚೀಲಗಳು ಮಾತ್ರ ಖಾಲಿಯಾಗಬೇಕಲ್ಲ! ಉದ್ದ ಹಿಡಿಕೆಯ ತಗಡಿನ ಸೌಟಿನಲ್ಲಿ ಉಸಿರು ಬಿಗಿಹಿಡಿದು ದಿನದ ಎಲುಬಿನ ಪಾಲನ್ನು ಎತ್ತಿ, ಹುಚ್ಚಪ್ಪ ಊಟಕ್ಕೆ ಹೋದ ಹೊತ್ತು ನೋಡಿ, ಕೋಣೆಯ ಹಿಂದಿನ ತಗ್ಗಿಗೆ ಸುರಿದು ಮಣ್ಣು ಎಳೆಯುತ್ತಿದ್ದ. ಎಲುಬು ಕಲಸಲು ಬಾರದ ಕೈಗೆ ಎಲುಬು ಹೂಳಲು ಚೆನ್ನಾಗಿಯೇ ಬಂತು.

ಮಳೆಗಾಲದಲ್ಲಿ ಸಾಹೇಬರು ಕರಾವಳಿಯ ಕೆಲಸಕ್ಕೆ ಹೋದವರು ತಿಂಗಳುಗಟ್ಟಲೆ ಈ ಕಡೆ ಬರಲಿಲ್ಲ. ಹೊಂಡದ ನೀರು ಕೆಂಪಾಗಿ, ಒಳಗಿನದು ಏನೂ ಕಾಣುತ್ತಿರಲಿಲ್ಲ. ನೀರು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಹುಚ್ಚಪ್ಪ ಬೊಗಸೆಯಲ್ಲಿ ಒಂದು ಮೀನು ಹಿಡಿದುಕೊಂಡು ಬಂದ.

"ಅಯ್ಯಾರ, ಇದರ ಬೆನ್ನ ನೋಡ್ರಿ."

ಬೆಳ್ಳಿಯಂಥ ಮೀನು, ಗೇಣುದ್ದ. ತಲೆಯಿಂದ ನಡುವಿನತನಕ ಸರಿಯಾಗಿಯೇ ಇತ್ತು. ಅಲ್ಲಿಂದ ಬೆನ್ನೆಲುಬು ಮೇಲಕ್ಕೆ ಡೊಂಕಾಗಿ, ಮತ್ತೆ ಕೆಳಕ್ಕೆ ಬಾಗಿ, ಬಾಲ ಒಂದು ಕಡೆಗೆ ಸೊಟ್ಟಾಗಿತ್ತು. ಕಿವಿರಿನ ಮುಚ್ಚಳ ಅರ್ಧಕ್ಕೇ ನಿಂತು ಕೆಂಪು ಕಿವಿರು ಹೊರಗೆ ಕಾಣುತ್ತಿತ್ತು. ನೀರಿಗೆ ಬಿಟ್ಟರೆ ನೆಟ್ಟಗೆ ಈಜಲಾರದೆ, ಮಗ್ಗುಲಾಗಿ ಸುತ್ತು ಹೊಡೆಯಿತು.

"ಇಂಥವು ಬಾಳ ಅದಾವ್ರಿ. ನಾ ಒಂದಽ ಅನ್ಕೊಂಡಿದ್ದೆ."

ಶಾಂತಯ್ಯ ಮೀನಿನಿಂದ ಕಣ್ಣು ತೆಗೆದ. "ಸಮುದ್ರದ ಮೀನು, ನಮ್ಮ ನೀರು ಅದಕ್ಕ ಹೊಂದವಲ್ದು," ಎಂದ. ಅಂದೂ ಅವನು ಬೂದಿಯನ್ನೇ ಕಲಸಿದ. ಚೀಲಗಳೊಳಗಿನ ಎಲುಬೆಲ್ಲ ಆಗಲೇ ಮಣ್ಣಿನಡಿ ಹೋಗಿತ್ತು.

ದೀಪಾವಳಿಯ ಮುಂಚೆ ಸಾಹೇಬರ ಜೀಪು ಬಂತು. ಮೇಲಿನ ಸಾಹೇಬರು ನೋಡಲು ಬರುವವರಿದ್ದಾರೆ, ಬಲೆ ಬೀಸಿ ಎಂದು ಇಳಿಯುತ್ತಲೇ ಹುಕುಂ ಮಾಡಿದರು. ಹುಚ್ಚಪ್ಪ ಬಲೆ ಎಳೆದ. ದಂಡೆಯ ಮೇಲೆ ಒದ್ದಾಡಿದ ಮೀನುಗಳಲ್ಲಿ ಅರ್ಧಕ್ಕರ್ಧ ಸೊಟ್ಟ. ಕೆಲವು ಗೂನು, ಕೆಲವಕ್ಕೆ ಕೆಳದವಡೆಯೇ ಮೋಟು. ಸಾಹೇಬರು ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಆಗುತ್ತಿತ್ತು. ಆಮೇಲೆ ಅವರು ಕೋಣೆಗೆ ಹೋಗಿ ಬೋಗುಣಿಯ ಕಲಸಿದ ಹಿಂಡಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ, ಕೊನೆಗೆ ನಾಲಿಗೆಗೂ ಇಟ್ಟು ನೋಡಿದರು.

"ಇದರಲ್ಲಿ ಎಲುಬೇ ಇಲ್ಲ! ಬೂದಿ ಇದು, ಒಲೆಯ ಬೂದಿ. ಎಲುಬು ಕಟ್ಟಬೇಕಾದ ಪುಡಿ ಎಲ್ಲಿ ಹೋಯಿತು?" ಅವರು ಹೊರಗೆ ಬಂದರು. "ಮೆಣಸಿನಗಿಡದವರು ಗೊಬ್ಬರಕ್ಕೆಂದು ಎಲುಬಿನ ಪುಡಿಯನ್ನು ದುಡ್ಡು ಕೊಟ್ಟು ಒಯ್ಯುತ್ತಾರೆ, ನನಗೆ ಗೊತ್ತಿಲ್ಲವೇ? ಮಾರಿಕೊಂಡು ಅದರ ಜಾಗಕ್ಕೆ ಬೂದಿ ತುಂಬಿದ್ದಾರೆ. ಲಾರಿಯಿಂದ ಚೀಲ ಇಳಿಸಿದವನು ಯಾರು?"

"ನಾನ್ರಿ," ಎಂದ ಹುಚ್ಚಪ್ಪ. "ಇಳಿಸಿ ಒಟ್ಟೇನಿ, ಅಷ್ಟರಿ. ಅದನ್ನ ಮುಟ್ಟಿಲ್ಲ ನಾ. ಅಯ್ಯಾರನ್ನ ಕೇಳ್ರಿ, ದಿನಾ ಅವರಽ ಕಲಸ್ತಾರ." ಹೇಳಿದವನು ಶಾಂತಯ್ಯನ ಕಡೆ ತಿರುಗಿದ. ಅಂಜಿಕೆಯಿಂದಲ್ಲ, ಇನ್ನೇನು ಎಲ್ಲ ಸರಿಯಾಗುತ್ತದೆ ಎಂಬ ಭರವಸೆಯಿಂದ.

"ಏನು ಶಾಂತಯ್ಯನವರೇ?"

ನಿಜ ಶಾಂತಯ್ಯನ ಬಾಯಿಯ ತನಕ ಬಂದು ನಿಂತಿತ್ತು. ಹೇಳಿದರೆ ನೌಕರಿ ಹೋದೀತು, ಹೋಗಲಿ. ಆದರೆ ಪಕ್ಕದಲ್ಲಿ ನಿಂತ ಹುಚ್ಚಪ್ಪನಿಗೆ, ಅಯ್ಯಾರು ಒಂದು ದಿನವೂ ಎಲುಬು ಮುಟ್ಟಿಲ್ಲ ಎಂದು ಗೊತ್ತಾಗುತ್ತದಲ್ಲ! ಅದನ್ನು ಅವನಿಂದ ತಾಳಿಕೊಳ್ಳಲಾಗಲಿಲ್ಲ.

"ಕಲಸಿದಾಂವ ನಾನಽ ಖರೆ ಸಾಹೇಬ್ರ," ಎಂದ. "ಚೀಲದಾಗ ಏನಿತ್ತೋ... ಅದು ನನಗ ಗೊತ್ತಿಲ್ರಿ."

ಇಷ್ಟೇ ಮಾತು. ಹುಚ್ಚಪ್ಪನ ಹೆಸರನ್ನೂ ಅವನು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಸಾಹೇಬರು ಹುಚ್ಚಪ್ಪನನ್ನು ಅಲ್ಲೇ ಕೆಲಸದಿಂದ ತೆಗೆದರು. ಎಲುಬು ಮಾರುವುದು ನಿಮ್ಮವರಿಗೆ ಹೊಸದಲ್ಲವಲ್ಲ ಎಂದು ಒಂದು ಮಾತನ್ನೂ ಸೇರಿಸಿದರು. ಆ ಮಾತಿಗೆ ಹುಚ್ಚಪ್ಪನ ಮುಖ ಕಪ್ಪಿಟ್ಟಿತು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಬೇಲಿಯ ತನಕ ಹೋದವನು ತಿರುಗಿ ಬಂದ. ಬಂದದ್ದು ಶಾಂತಯ್ಯನ ಹತ್ತಿರ.

"ಪಾಪ, ನಿಮ್ಮ ಕೈಲೆ ಬೂದಿ ಕಲಸಿಸ್ಯಾರಲ್ರಿ ಅಯ್ಯಾರ," ಎಂದು ಮೆಲ್ಲಗೆ ಹೇಳಿದ. "ಎಲುಬಂತ ತಿಳಕೊಂಡು ಅಷ್ಟು ಕಷ್ಟಪಟ್ಟು ಕಲಸಿದ್ರಿ. ಯಾವನೋ ನಿಮಗೂ ಮೋಸ ಮಾಡ್ಯಾನ."

ನೆಲ ಬಾಯಿಬಿಟ್ಟಿದ್ದರೆ ಶಾಂತಯ್ಯ ಇಳಿದುಹೋಗುತ್ತಿದ್ದ.

ಸೋಮವಾರ ಅರಳೆ ವ್ಯಾಪಾರದ ಗುರುಶಿದ್ದಪ್ಪ ಬಂದ. ಹಿತ್ತಾಳೆಯ ತಾಟಿನಲ್ಲಿ ಶಾಂತಯ್ಯನ ಪಾದ ಇರಿಸಿಕೊಂಡು, ನೀರು ಹನಿಸಿ, ಮೃದುವಾಗಿ ತೊಳೆದ. ತಾಟಿನೊಳಗಿನ ತನ್ನ ಕಾಲುಗಳನ್ನು ನೋಡುತ್ತ ಶಾಂತಯ್ಯ, ಇವು ಬೇರೆ ಯಾರವೋ ಆಗಿದ್ದರೆ ಎಂದುಕೊಂಡ. ವಿಭೂತಿ ಹಚ್ಚಲು ಕೈ ಎತ್ತಿದರೆ ಬೆರಳಿಗೆ ಅಂಟಿದ ಬೂದಿ ಕಂಡಿತು, ಕೈ ಅರ್ಧದಲ್ಲೇ ನಿಂತಿತು. ಗುರುಶಿದ್ದಪ್ಪ ಕಣ್ಣು ಮುಚ್ಚಿ ಹಣೆ ಚಾಚಿಕೊಂಡೇ ಕಾದ.

ಅವನು ಹೋದ ಮೇಲೆ ಬಾಳವ್ವ ಮಗನ ಎದುರು ಕುಳಿತಳು. "ಏನಾಗೇತಿ ನಿನಗ? ಎರಡು ದಿನಾತು, ತುತ್ತು ಬಾಯಿಗೆ ಹೋಗವಲ್ದು. ಮೀನಿನ ನೌಕರಿ ಅಂತ ಜನಕ್ಕ ಗೊತ್ತಾತೇನು?"

ಶಾಂತಯ್ಯ ತಲೆ ಎತ್ತಿದ. "ನಿನಗ ಗೊತ್ತಿತ್ತಾ?"

"ನಿನ್ನ ಅಂಗಿ ಒಗಿಯಾಕಿ ನಾ. ಮೂಗಿಲ್ಲೇನು ನನಗ?" ಎಂದಳು ಬಾಳವ್ವ. "ನೌಕರಿ ನೌಕರಿ. ಕದ್ದಿಲ್ಲ, ಸುಳ್ಳ ಹೇಳಿಲ್ಲ, ಮತ್ಯಾಕ ಅಂಜತಿ?"

ಅವನು ಎದ್ದು ಹಿತ್ತಲಿಗೆ ಹೋಗಿಬಿಟ್ಟ.

ಆ ವಾರದ ಕೊನೆಗೆ ಹುಚ್ಚಪ್ಪನ ಹೆಂಡತಿ ಶೇವಂತೆವ್ವ ಹೊಂಡದ ಬೇಲಿಯ ಹತ್ತಿರ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು, ಮಾತು ಮಾತ್ರ ಗಟ್ಟಿಯಾಗಿತ್ತು.

"ಅಯ್ಯಾರ, ಕೆಲಸದ ಮಾತಿಗೆ ಬಂದಿಲ್ಲ ನಾ. ಕೆಲಸ ಹುಬ್ಬಳ್ಳ್ಯಾಗ ಸಿಗತೈತಿ. ಎಲುಬು ಮಾರ್ಯಾನ, ಪ್ರಮಾಣ ಮುರದಾನ ಅಂತ ಓಣ್ಯಾಗ ಎದ್ದೈತ್ರಿ. ರವಿವಾರ ಹಿರ್ಯಾರು ಸಭಾ ಕರದಾರ. ತಪ್ಪ ಅಂತ ಆತಂದ್ರ ನಮ್ಮನ್ನ ಓಣಿ ಸಂಘದಿಂದ ಹೊರಗ ಹಾಕ್ತಾರ, ಯಾರೂ ನಮ್ಮ ಮನಿ ಹೊಸ್ತಲಾ ತುಳಿಯಂಗಿಲ್ಲ. ನಮ್ಮ ಮನಿಯವರು ಒಂದಽ ಹಟ ಹಿಡದಾರ: ಅಯ್ಯಾರು ಬಂದು ಹೇಳ್ತಾರ, ಅಯ್ಯಾರ ಸುಳ್ಳ ಹೇಳಂಗಿಲ್ಲ ಅಂತ. ನೀವು ಬಂದು ಒಂದು ಮಾತ ಹೇಳ್ರಿ. ಅವರು ಎಲುಬು ಮುಟ್ಟಿಲ್ಲ ಅಂತ, ಅವರ ಸಲುವಾಗಿ ನೀವು ಕಲಸಿದ್ರಿ ಅಂತ."

"ಬರ್ತೇನಿ," ಎಂದ ಶಾಂತಯ್ಯ. ಬೇರೆ ಏನು ಹೇಳಲು ಬಾಯಿ ಉಳಿದಿತ್ತು?

ಮೊದಲು ಹುಬ್ಬಳ್ಳಿಯ ರೈಲು ಹಿಡಿದು ಸಾಹೇಬರ ಆಫೀಸಿಗೆ ಹೋದ. ಮೇಜಿನ ಮುಂದೆ ನಿಂತು, ಬೂದಿ ತಂದವನು ತಾನು, ಎಲುಬು ಹೂಳಿದವನು ತಾನು, ಹುಚ್ಚಪ್ಪ ನಿರಪರಾಧಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಬೈಗುಳಕ್ಕೆ, ಬೇಕಿದ್ದರೆ ಪೋಲೀಸರಿಗೂ ಸಿದ್ಧನಾಗಿ ಬಂದಿದ್ದ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅವರ ಮುಖ ಸಡಿಲಾಯಿತು.

"ತಪ್ಪು ನನ್ನದು ಮಾರಾಯರೇ. ನೀವು ಜಂಗಮರು, ಮಡಿವಂತರು. ನಿಮ್ಮ ಕೈಗೆ ಎಲುಬು ಕೊಟ್ಟೆನಲ್ಲ ನಾನು! ನಿಮ್ಮ ನೇಮ ನಿಮಗೆ. ಮೊದಲೇ ಒಂದು ಮಾತು ಹೇಳಿದ್ದರೆ ಇಷ್ಟು ಮೀನು ಹಾಳಾಗುತ್ತಿರಲಿಲ್ಲ. ಇರಲಿ, ಮುಂದಿನ ವರ್ಷ ಹೊಸ ಮರಿ ತರೋಣ. ನಿಮ್ಮ ನೌಕರಿಗೆ ಏನೂ ಆಗುವುದಿಲ್ಲ."

"ಹುಚ್ಚಪ್ಪ ಸಾಹೇಬ್ರ?"

"ಬರಲಿ. ಕಳ್ಳ ಅಲ್ಲವೆಂದ ಮೇಲೆ ಬರಲಿ. ಬಂದು ಎಲುಬು ಅವನೇ ಕಲಸಲಿ."

"ಅವನೂ ಮುಟ್ಟಂಗಿಲ್ರಿ. ಪ್ರಮಾಣ ಮಾಡ್ಯಾನ. ನನಗ ಮೊದಲಽ ಹೇಳಿದ್ದ."

"ಅವನಿಗೆ ಎಂಥದು ಪ್ರಮಾಣ?" ಸಾಹೇಬರ ಹುಬ್ಬು ಗಂಟಿಕ್ಕಿತು. "ಅವರ ಕೆಲಸವೇ ಅದಲ್ಲವೇ? ಅಷ್ಟು ಸೊಕ್ಕಿದ್ದವನು ನನಗೆ ಬೇಡ."

ಸಾಹೇಬರು ಕೆಟ್ಟವರಲ್ಲ. ಶಾಂತಯ್ಯನಿಗೆ ಚಹಾ ತರಿಸಿದರು. ಅದೇ ಎಲುಬು, ಅದೇ ಬೇಡ ಎನ್ನುವ ಮಾತು. ತಾನು ಕದ್ದುಮುಚ್ಚಿ, ಸುಳ್ಳು ಹೇಳಿ ಬೇಡವೆಂದದ್ದು ನೇಮವಾಯಿತು. ಹುಚ್ಚಪ್ಪ ಎದುರು ನಿಂತು ನೆಟ್ಟಗೆ ಬೇಡವೆಂದದ್ದು ಸೊಕ್ಕಾಯಿತು. ಕ್ಷಮೆ ಸಿಕ್ಕಾಗ ಇಷ್ಟು ಹೇಸಿಗೆಯಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. "ಇನ್ನ ಮ್ಯಾಲೆ ನಾನಽ ಕಲಸ್ತೇನ್ರಿ, ಖರೇನ ಕಲಸ್ತೇನಿ, ಅವನನ್ನ ಇಟ್ಕೊಳ್ರಿ," ಎಂದು ಅಂಗಲಾಚಿದ. ನಿಮ್ಮ ಮನಸ್ಸು ದೊಡ್ಡದು ಎಂದು ಸಾಹೇಬರು ಅವನ ಬೆನ್ನು ತಟ್ಟಿ ಕಳಿಸಿದರು.

ರವಿವಾರ ಮಧ್ಯಾಹ್ನ ಕೆಲಗೇರಿಯ ಆ ಓಣಿಯಲ್ಲಿ, ಬುದ್ಧನ ಫೋಟೋ ತೂಗುಹಾಕಿದ ಸಣ್ಣ ಕೋಣೆಯ ಮುಂದೆ, ಬೇವಿನ ಗಿಡದ ನೆರಳಿನಲ್ಲಿ ಜನ ಕೂಡಿತ್ತು. ಜಂಗಮನೊಬ್ಬ ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಅವನನ್ನು ಕಂಡೊಡನೆ ಹುಚ್ಚಪ್ಪ ಎದ್ದು ಬಂದು ಹೊಸ ಕಂಬಳಿ ಹಾಸಿದ. "ಹೇಳಿದ್ದಿಲ್ಲಾ ನಾ, ಬರ್ತಾರಂತ!" ಎಂದು ಎಲ್ಲರ ಕಡೆ ತಿರುಗಿದ. ವಾರದ ಮೇಲೆ ಅಂದು ಅವನು ನಕ್ಕಿದ್ದ.

ಶಾಂತಯ್ಯ ಕಂಬಳಿಯ ಮೇಲೆ ಕೂಡಲಿಲ್ಲ.

ಸಂಘದ ಹಿರಿಯ ನೀಲಪ್ಪ ಮಾಸ್ತರ ಕೇಳಿದರು. ಸಾಲಿ ಮಾಸ್ತರರು, ಮಾತು ಅಳೆದು ತೂಗಿ ಆಡುವವರು. "ಅಯ್ಯಾರ, ಹುಚ್ಚಪ್ಪ ಎಲುಬು ಮಾರಿದ್ದು ಖರೇ ಏನ್ರಿ?"

"ಸುಳ್ಳು. ಅವ ಮಾರಿಲ್ಲ. ಮುಟ್ಟಿಲ್ಲ. ಚೀಲ ಬಂದ ದಿನಾನಽ, ನಮ್ಮ ಓಣ್ಯಾಗ ಪ್ರಮಾಣ ಆಗೇತಿ, ಮುಟ್ಟಂಗಿಲ್ಲ ಅಂತ ನನ್ನ ಮುಂದ ಹೇಳಿದ."

ಕೂತವರಲ್ಲಿ ಒಂದು ಗುಜುಗುಜು ಎದ್ದು ಹಗುರಾಯಿತು. ಶೇವಂತೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೆಲಸ ಮುಗಿದಿತ್ತು. ಇಷ್ಟು ಹೇಳಿ ಕೈಮುಗಿದು ಹೊರಟಿದ್ದರೆ ಹುಚ್ಚಪ್ಪನ ಮಾನವೂ ಉಳಿಯುತ್ತಿತ್ತು, ಶಾಂತಯ್ಯನ ಹೆಸರೂ ಉಳಿಯುತ್ತಿತ್ತು. ಹೊರಡೋಣ ಎಂದು ಅವನ ಕಾಲು ತಿರುಗಿದ್ದೂ ಹೌದು.

"ಸಾಕ್ರಿ, ನಿಮ್ಮ ಮಾತು ಸಾಕು," ಎಂದರು ನೀಲಪ್ಪ ಮಾಸ್ತರ. "ಆದ್ರ ಚೀಲದಾಗ ಬೂದಿ ಬಂದದ್ದು ಹೆಂಗ? ಅದು ತಿಳೀಲಿಲ್ಲ ಅಂದ್ರ ನಾಳೆ ಮತ್ತ ಯಾರರೆ ಇವನ ಕಡೆ ಬೊಟ್ಟು ಮಾಡ್ತಾರ."

ಹುಚ್ಚಪ್ಪ ನಡುವೆ ಬಾಯಿ ಹಾಕಿದ. "ಅದನ್ನ ಅಯ್ಯಾರಿಗ್ಯಾಕ ಕೇಳ್ತೀರಿ? ಅವರೂ ಮೋಸ ಹೋಗ್ಯಾರ."

"ಚೀಲದಾಗ ಎಲುಬಽ ಇತ್ತು," ಎಂದ ಶಾಂತಯ್ಯ. ದನಿ ತನ್ನದಲ್ಲವೆನ್ನಿಸಿತು. "ಅದನ್ನ ತಗ್ಗಿನ್ಯಾಗ ಹೂಳಿದಾಂವ ನಾನು. ಬೂದಿ ನಮ್ಮ ಮನೀದು. ನನ್ನ ಕೈಲೆ ಎಲುಬು ಮುಟ್ಟಾಕ ಆಗಲಿಲ್ಲ. ಆಗಲಿಲ್ಲ ಅಂತ ಹೇಳಾಕ ನಾಚಿಕಿ ಬಂತು. ಸಾಹೇಬ್ರ ಮುಂದ ಸುಳ್ಳು ಹೇಳಿ ಇವನ ಕೆಲಸಾ ಕಳದೆ. ಈಗ ಖರೇ ಹೇಳೇನಿ. ಸಾಹೇಬ್ರು ನನ್ನ ಬಿಟ್ರು, ಇವನ್ನ ತಗೊಳ್ಳಾಕ ಮಾತ್ರ ಒಲ್ಲೆ ಅಂದ್ರು."

ಬೈಯುವರೇನೋ ಎಂದು ಶಾಂತಯ್ಯ ಕಾದ. ನೀಲಪ್ಪ ಮಾಸ್ತರ ನೆಲ ನೋಡುತ್ತ ಕುಳಿತರು. ಹುಚ್ಚಪ್ಪ ನಿಧಾನವಾಗಿ ಅವನ ಎದುರಿಗೆ ಬಂದು ನಿಂತ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಏನೋ ಲೆಕ್ಕ ತಾಳೆಯಾಗದವನ ಹಾಗೆ ನೋಡುತ್ತಿದ್ದ.

"ಹಂಗಾದ್ರ ನೀವು ಕಲಸಲೇ ಇಲ್ಲೇನ್ರಿ?"

"ಇಲ್ಲ."

"ಒಂದ ದಿನಾನೂ?"

"ಒಂದ ದಿನಾನೂ ಇಲ್ಲ."

ಹುಚ್ಚಪ್ಪ ಬಗ್ಗಿ, ಹಾಸಿದ ಕಂಬಳಿಯನ್ನು ಎತ್ತಿ ಮಡಚತೊಡಗಿದ. ಅಷ್ಟರಲ್ಲಿ ಹಿಂದಿನ ಗುಡಿಸಲಿನಿಂದ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಹುಚ್ಚಪ್ಪನ ತಾಯಿ ಮುದಕವ್ವ. ಕಣ್ಣು ಮಂಜು, ಕಿವಿ ಮಂದ. ಆಡಿದ ಮಾತೊಂದೂ ಅವಳಿಗೆ ಕೇಳಿಸಿರಲಿಲ್ಲ; ಯಾರೋ ದೊಡ್ಡವರು ಬಂದಿದ್ದಾರೆ ಎಂದಷ್ಟೇ ಗೊತ್ತಾಗಿತ್ತು. ಶಾಂತಯ್ಯನ ಬಿಳಿ ಅಂಗಿ, ಹಣೆಯ ವಿಭೂತಿ ಕಂಡು ಎರಡೂ ಕೈ ಜೋಡಿಸಿದಳು.

"ಇವರಽ ಏನೋ ಹುಚ್ಯಾ ಆ ಅಯ್ಯಾರು? ನಿನ್ನ ಪ್ರಮಾಣ ಉಳಸಾಕ ತಮ್ಮ ಕೈಲೆ ಎಲುಬು ಕಲಸಿದವರು?"

ಹುಚ್ಚಪ್ಪ ಶಾಂತಯ್ಯನ ಮುಖ ನೋಡಲಿಲ್ಲ. ತಾಯಿಯ ಜೋಡಿಸಿದ ಕೈಗಳನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿ, ಅವಳ ಕಿವಿಯ ಹತ್ತಿರ ಬಾಗಿ, ಓಣಿಗೆಲ್ಲ ಕೇಳುವಂತೆ ಹೇಳಿದ.

"ಅಲ್ಲ ಬೇ ಯವ್ವಾ. ಇವರು ಬ್ಯಾರೆ ಯಾರೋ."

"ಹೌದಾ? ಮತ್ತ ಆ ಅಯ್ಯಾರು ಬರಲಿಲ್ಲೇನು?"

"ಇಲ್ಲ," ಎಂದ ಹುಚ್ಚಪ್ಪ. "ಅವರು ಬರಲಿಲ್ಲ."